ಕೂತಲ್ಲೇ ಕೂಲಿ ಎಂಬ ಕಟ್ಟುಕತೆ

ಬಡವರ ದುಡಿಮೆಗೆಂದು ಸರ್ಕಾರ ಮಾಡಿದ ಯೋಜನೆಗಳ ಬಗ್ಗೆ ತೀರ್ಪು ಕೊಡಲು ಯಾರಿಗೂ ದಾಖಲೆ ಬೇಕಿಲ್ಲ. ಚಹಾದಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಹಾಗೆ ಗೊತ್ತಿರುವುದರಲ್ಲಿ ಕೆಲವು ಶುದ್ಧ ಸುಳ್ಳು, ಕೆಲವು ಅರೆಸತ್ಯ. ಯೋಜನೆ ಯಾರಿಗಾಗಿ ಬಂತೋ ಅವರೂ ಇವನ್ನೇ ನಂಬಿಕೊಂಡು, ತಮಗೆ ಸಲ್ಲಬೇಕಾದ್ದನ್ನು ಕೇಳದೆ ಸುಮ್ಮನಿದ್ದಾರೆ. ಕೆಡುಕು ಇರುವುದು ಅಲ್ಲಿ.

“ಉದ್ಯೋಗ ಖಾತ್ರಿ ಬಂದ ಮೇಲೆ ಹೊಲಕ್ಕೆ ಆಳೇ ಸಿಗ್ತಿಲ್ಲ, ಜನ ಸೋಮಾರಿಗಳಾದ್ರು”

ಮೊದಲು ಲೆಕ್ಕ ನೋಡೋಣ. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ, ನಮ್ಮ ಬಾಯಲ್ಲಿ ನರೇಗಾ, ಭರವಸೆ ಕೊಟ್ಟಿದ್ದು ವರ್ಷಕ್ಕೆ 100 ದಿನದ ಕೆಲಸ. ಅದೂ ಆಳಿಗಲ್ಲ, ಮನೆಗೆ. ಗಂಡ, ಹೆಂಡತಿ, ಬೆಳೆದ ಮಗ ಮೂವರೂ ಹೋದರೆ ಒಂದು ತಿಂಗಳು ಕಳೆದು ನಾಲ್ಕಾರು ದಿನದೊಳಗೆ ಆ ವರ್ಷದ ಪಾಲು ಮುಗಿಯುತ್ತದೆ. ಕರ್ನಾಟಕದಲ್ಲಿ 2025–26ರ ದಿನಗೂಲಿ 370 ರೂಪಾಯಿ. 100 ದಿನ ಪೂರ್ತಿ ದುಡಿದರೂ ಮನೆಗೆ ಬರುವುದು 37,000. ದೇಶದ ಸರಾಸರಿ ನೋಡಿದರೆ ಒಂದು ಮನೆಗೆ ಸಿಕ್ಕಿರುವುದು 50 ದಿನದ ಆಸುಪಾಸು. ಅಂದರೆ ಇಲ್ಲಿನ ಕೂಲಿಯಲ್ಲಿ ತಿಂಗಳಿಗೆ 1,500 ಚಿಲ್ಲರೆ. ಇಷ್ಟರಲ್ಲಿ ಸೋಮಾರಿಯಾಗಿ ಬದುಕುವ ವಿದ್ಯೆ ಬಲ್ಲವರಿದ್ದರೆ ಅವರನ್ನು ಹಣಕಾಸು ಮಂತ್ರಿ ಮಾಡುವುದು ಒಳ್ಳೆಯದು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಈ ಕೆಲಸ ಜೋರಾಗುವುದು ಬೇಸಿಗೆಯಲ್ಲಿ. ತೊಗರಿ, ಜೋಳದ ರಾಶಿ ಮುಗಿದು ಹೊಲ ಖಾಲಿ ಬಿದ್ದಿರುವ ಕಾಲ ಅದು. ಆಗ ಊರಲ್ಲಿ ಕೂಲಿ ಸಿಗದಿದ್ದರೆ ಉಳಿಯುವ ದಾರಿ ಗುಳೆ: ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡಗಳ ತಗಡಿನ ಶೆಡ್ಡು. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿಗೋ ಕಾಫಿ ತೋಟಕ್ಕೋ ಹೋಗುವ ಗಂಡಾಳಿಗೆ ನರೇಗಾ ಕೂಲಿಗಿಂತ ಹೆಚ್ಚು ಸಿಗುತ್ತದೆ. ಅವನು ಅದನ್ನು ಬಿಟ್ಟು ಪಂಚಾಯಿತಿ ಗುಂಡಿ ತೋಡಲು ಯಾಕೆ ಬರುತ್ತಾನೆ?

ಆಳು ಸಿಗುತ್ತಿಲ್ಲ ಎನ್ನುವ ರೈತ ಸುಳ್ಳು ಹೇಳುತ್ತಿಲ್ಲ. ಆದರೆ ವಾಕ್ಯ ಪೂರ್ತಿ ಹೇಳುತ್ತಿಲ್ಲ. ಹಳೇ ಕೂಲಿಗೆ ಆಳು ಸಿಗುತ್ತಿಲ್ಲ. ಇದನ್ನು ನೆಟ್ಟಗೆ ಅಳೆದು ನೋಡಿದವರಿದ್ದಾರೆ. ಅವಿಭಜಿತ ಆಂಧ್ರದ ಎಂಟು ಜಿಲ್ಲೆಗಳಲ್ಲಿ, ಅಂದರೆ ನಮ್ಮ ಬಳ್ಳಾರಿ, ರಾಯಚೂರಿಗೆ ತಾಗಿಕೊಂಡ ಅನಂತಪುರ, ಕರ್ನೂಲುಗಳೂ ಸೇರಿ, ನರೇಗಾ ಕೂಲಿಯನ್ನು ಸೋರಿಕೆಯಿಲ್ಲದೆ ಬೇಗ ತಲುಪಿಸಲು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ತಂದರು. ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಹಾಗಾಗಿ ಎರಡನ್ನೂ ಹೋಲಿಸಲು ಬಂತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಣಕರ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆ ಸರಿಯಾಗಿ ನಡೆದ ಮಂಡಲಗಳಲ್ಲಿ ಫಲಾನುಭವಿ ಮನೆಗಳ ಗಳಿಕೆ ಶೇ 14ರಷ್ಟು ಏರಿತು. ಹೆಚ್ಚಿದ ಆ ಗಳಿಕೆಯಲ್ಲಿ ಶೇ 86 ಭಾಗ ಬಂದದ್ದು ನರೇಗಾದಿಂದಲ್ಲ, ಹೊರಗಿನ ದುಡಿಮೆಯಿಂದ. ಪಂಚಾಯಿತಿ ಕೆಲಸ ಇದೆ ಎನ್ನುವ ಧೈರ್ಯದ ಮೇಲೆ ಕೂಲಿಯವರು ಖಾಸಗಿಯಲ್ಲೂ ಹೆಚ್ಚು ದರ ಕೇಳಿದರು. ದರ ಏರಿತು. ಏರಿದ್ದಕ್ಕೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಜಮೀನು ಕೆಲವೇ ಮನೆತನಗಳ ಕೈಯಲ್ಲಿದ್ದ ಊರುಗಳಲ್ಲಿ ಈ ಹೆಚ್ಚಳ ಇನ್ನೂ ಎದ್ದು ಕಂಡಿತು. ಜಮೀನಿನಿಂದ ಬರುವ ಆದಾಯ ಕುಗ್ಗಿದ್ದೂ ನಿಜ. ಗೊಣಗಾಟ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ಆ ಗೊಣಗಾಟ ಕಾನೂನಿನವರೆಗೆ ಹೋಗಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ವಿಬಿ–ಜಿ ರಾಮ್ ಜಿ ಎಂಬ ಹೊಸದನ್ನು ತಂದಿತು. ಅದರಲ್ಲಿ ಬಿತ್ತನೆ, ಕೊಯ್ಲಿನ ಹೊತ್ತಿಗೆ ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸುವ ಅವಕಾಶವಿದೆ. ನನ್ನ ಮಟ್ಟಿಗೆ ಇದು ಚಹಾದಂಗಡಿಯ ಮಾತಿಗೆ ಮುದ್ರೆ ಒತ್ತಿದ ಹಾಗೆ. ಸುಗ್ಗಿಯಲ್ಲಿ ಹೆಚ್ಚು ಕೂಲಿ ಸಿಕ್ಕರೆ ಜನ ತಾವಾಗಿಯೇ ಹೊಲಕ್ಕೆ ಹೋಗುತ್ತಾರೆ. ಸಿಗದಿದ್ದಾಗ ಮಾತ್ರ ಈ ತಡೆ ಅವರ ಕೈ ಕಟ್ಟುತ್ತದೆ.

“ಹೆಸರು ಬರೆಸಿದ್ರೆ ಸಾಕು, ಮರದ ನೆರಳಲ್ಲಿ ಕೂತ್ರೂ ದುಡ್ಡು ಬರುತ್ತೆ”

ಬದು ಹಾಕುವ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ಬಿಸಿಲೇರುವ ಮೊದಲೇ ಸಲಿಕೆ, ಗುದ್ದಲಿ, ಬುಟ್ಟಿ ಹಿಡಿದು ಬಂದವರನ್ನೆಲ್ಲ ಕಾಯಕ ಬಂಧು (ಕೂಲಿಯವರ ಗುಂಪಿನ ಮೇಟಿಗೆ ಕರ್ನಾಟಕ ಇಟ್ಟ ಹೆಸರು) ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಎತ್ತಿ ಹಿಡಿದು ದಿಬ್ಬ ಹತ್ತುವುದೂ ಉಂಟು. ಮಧ್ಯಾಹ್ನದ ಮೇಲೆ ಇನ್ನೊಂದು ಫೋಟೊ. 2023ರ ಜನವರಿಯಿಂದ ಈ ಆ್ಯಪ್ ಹಾಜರಿ ಕಡ್ಡಾಯ. ಅಷ್ಟಕ್ಕೇ ಕೂಲಿ ಬೀಳುವುದಿಲ್ಲ. ಎಂಜಿನಿಯರ್ ಬಂದು ತೋಡಿದ ಗುಂಡಿಯ ಉದ್ದ, ಅಗಲ, ಆಳ ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು. ಮಣ್ಣಿನ ಕೆಲಸದಲ್ಲಿ ದರ ನಿಂತಿರುವುದೇ ಆ ಅಳತೆಯ ಮೇಲೆ. ಅಳತೆ ಕಡಿಮೆ ಬಂದರೆ 370ರ ಬದಲು ಅದಕ್ಕಿಂತ ಕಡಿಮೆ ಬರುತ್ತದೆ. ಗಟ್ಟಿ ನೆಲದಲ್ಲಿ, ಕಲ್ಲು ಸಿಕ್ಕಲ್ಲಿ ಬೆವರು ಹೆಚ್ಚು, ಗುಂಡಿ ಚಿಕ್ಕದು. ವಯಸ್ಸಾದವರಿರುವ ಗುಂಪುಗಳು ಇಲ್ಲಿ ಸೋಲುತ್ತವೆ.

ಆಮೇಲೆ ಆಧಾರ್. 2024ರ ಜನವರಿಯಿಂದ ಕೂಲಿ ಆಧಾರ್ ಜೋಡಿಸಿದ ಖಾತೆಗೇ ಹೋಗಬೇಕು. ಜಾಬ್ ಕಾರ್ಡಿನಲ್ಲಿ ‘ಹನುಮವ್ವ’, ಆಧಾರ್‌ನಲ್ಲಿ ‘ಹನಮವ್ವ’ ಎಂದಿದ್ದರೆ ದುಡ್ಡು ದಾರಿಯಲ್ಲೇ ನಿಲ್ಲಬಹುದು. 2022–23ರ ಒಂದೇ ವರ್ಷದಲ್ಲಿ ದೇಶಾದ್ಯಂತ 5 ಕೋಟಿಗೂ ಹೆಚ್ಚು ಕೂಲಿಕಾರರ ಹೆಸರು ಪಟ್ಟಿಯಿಂದ ಹೋಯಿತು. ಅವರೆಲ್ಲ ನಕಲಿಗಳೆಂದು ನಂಬುವವರು ನಂಬಲಿ.

“ದುಡ್ಡೆಲ್ಲ ಜೆಸಿಬಿಯವರ ಪಾಲು”

ಇದು ಅರ್ಧ ನಿಜ, ಹಾಗಾಗಿ ತಳ್ಳಿಹಾಕುವುದು ಸರಿಯಲ್ಲ. ಗುತ್ತಿಗೆದಾರರನ್ನೂ ಕೂಲಿಯವರ ಕೆಲಸ ಕಿತ್ತುಕೊಳ್ಳುವ ಯಂತ್ರವನ್ನೂ 2005ರ ಕಾಯ್ದೆ ನಿಷೇಧಿಸಿತ್ತು. ಖರ್ಚಿನಲ್ಲಿ ಕನಿಷ್ಠ ಶೇ 60 ಕೂಲಿಗೇ ಹೋಗಬೇಕೆಂದಿತ್ತು. ಆದರೂ ರಾತ್ರಿ ಯಂತ್ರ ಬಂದು ಕೆರೆ ಕೆದಕುವುದು, ಹಗಲು ಹತ್ತು ಮನೆಯ ಜಾಬ್ ಕಾರ್ಡ್ ತೋರಿಸಿ ಬಿಲ್ಲು ಮಾಡುವುದು ಹಳ್ಳಿಗಳಲ್ಲಿ ಗುಟ್ಟೇನಲ್ಲ. ಕಾರ್ಡು ಕೊಟ್ಟವರಿಗೆ ಐನೂರೋ ಸಾವಿರವೋ ಕೈಗಿಡುತ್ತಾರೆ. ಅವರು ‘ಕೂತಲ್ಲೇ ಬಂತಲ್ಲ’ ಎಂದುಕೊಳ್ಳುತ್ತಾರೆ, ಆದರೆ ಕಳೆದುಕೊಂಡದ್ದು ತಮ್ಮ ಮನೆಯ ದಿನಗಳನ್ನೇ. ಏಪ್ರಿಲ್‌ನಲ್ಲಿ ಕಾರ್ಡು ಕೊಟ್ಟವರು ಮೇ ತಿಂಗಳಲ್ಲಿ ಕೆಲಸ ಕೇಳಲು ಹೋದಾಗ ಕಂಪ್ಯೂಟರ್ ಪರದೆ ‘ಇವರಿಗೆ ಇಷ್ಟು ದಿನ ಕೊಟ್ಟಾಗಿದೆ’ ಎನ್ನುತ್ತದೆ. ಇದನ್ನು ಹಿಡಿಯಲು ಗ್ರಾಮಸಭೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ ಎಂಬುದಿದೆ. ಅಲ್ಲಿ ಹಾಜರಿ ಪಟ್ಟಿ ಓದಿ ಹೇಳುವಾಗ ಕುರ್ಚಿಗಳು ಖಾಲಿಯಿದ್ದರೆ ಲೆಕ್ಕ ತಾನಾಗಿ ಪಾಸಾಗುತ್ತದೆ.

ಇನ್ನರ್ಧ ನಿಜ ಹೊಲಗಳಲ್ಲಿದೆ: ಕೃಷಿ ಹೊಂಡ, ಬದು, ಗೋಕಟ್ಟೆ, ಇಂಗುಗುಂಡಿ. ಪರಿಶಿಷ್ಟರು, ಸಣ್ಣ ಹಿಡುವಳಿದಾರರು ಸ್ವಂತ ಜಮೀನಿನಲ್ಲಿ ದನದ ಕೊಟ್ಟಿಗೆ ಕಟ್ಟಿಕೊಂಡು, ತೋಟ ಹಾಕಿಕೊಂಡು, ಅಲ್ಲಿ ತಾವೇ ದುಡಿದದ್ದಕ್ಕೆ ಕೂಲಿ ಪಡೆದಿದ್ದಾರೆ. ಹೀಗೂ ಆಗುತ್ತದೆ ಎಂದು ಎಷ್ಟೋ ಮನೆಗಳಿಗೆ ಇಂದಿಗೂ ಗೊತ್ತಿಲ್ಲ.

“ಗೃಹಲಕ್ಷ್ಮಿ ಬಂದ ಮೇಲೆ ಹೆಂಗಸ್ರು ಕೆಲಸಕ್ಕೆ ಬರಲ್ಲ”

2023ರ ಆಗಸ್ಟ್‌ನಿಂದ ಕರ್ನಾಟಕದ ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತಾಗಿದೆ. ದುಡ್ಡು ಕೊಟ್ಟರೆ ಬಡವರು ದುಡಿಮೆ ಬಿಡುತ್ತಾರೆಯೇ ಎಂಬ ಪ್ರಶ್ನೆಯನ್ನು ಮೆಕ್ಸಿಕೊ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಸೇರಿ ಆರು ದೇಶಗಳ ಏಳು ಯೋಜನೆಗಳಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಪರಿಶೀಲಿಸಿದ್ದಾರೆ. 2017ರ ಅವರ ಲೇಖನದ ಉತ್ತರ: ಹಾಗೆ ಬಿಟ್ಟದ್ದಕ್ಕೆ ಪುರಾವೆಯಿಲ್ಲ.

ಹೆಂಗಸರನ್ನು ಮನೆಯಲ್ಲಿ ಕೂರಿಸುವುದು ಬೇರೆ ಸಂಗತಿಗಳು. ಹೊಲದಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೊಡುವುದು ವಾಡಿಕೆ; ನರೇಗಾದಲ್ಲಿ ಇಬ್ಬರಿಗೂ ಒಂದೇ ದರ. ಕರ್ನಾಟಕದಲ್ಲಿ ಅದರ ಕೆಲಸದ ದಿನಗಳಲ್ಲಿ ಹೆಚ್ಚೂ ಕಡಿಮೆ ಅರ್ಧ ಹೆಂಗಸರದ್ದಾಗಲು ಇದೂ ಒಂದು ಕಾರಣ. ಮತ್ತೊಂದು ತೊಡಕು ಎಳೆಗೂಸು. ಅದಕ್ಕೆಂದೇ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ರಾಜ್ಯ ಹಾಕಿಕೊಂಡಿತು. ಮಕ್ಕಳನ್ನು ನೋಡಿಕೊಳ್ಳುವವರೂ ಜಾಬ್ ಕಾರ್ಡ್ ಇರುವ ಅದೇ ಊರಿನ ಹೆಂಗಸರು. ಯೋಜನೆಗಳ ಪೈಕಿ ನನಗೆ ಅತಿ ಬುದ್ಧಿವಂತಿಕೆಯದೆಂದು ಕಂಡದ್ದು ಇದು. ಇದರ ಬಗ್ಗೆ ಟಿವಿಯಲ್ಲಿ ಯಾರೂ ಜಗಳವಾಡುವುದಿಲ್ಲ.

“ಕೆಲಸ ಇಲ್ಲದ ಹುಡುಗರಿಗೆಲ್ಲ ಯುವನಿಧಿ ಇದೆಯಲ್ಲ”

ಇಲ್ಲ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500; ಅದೂ ಹೆಚ್ಚೆಂದರೆ ಎರಡು ವರ್ಷ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ ಹುಡುಗನಿಗೆ ಇದರಲ್ಲಿ ಏನೂ ಇಲ್ಲ. ಅವನಿಗೆ ದಾರಿಯಿರುವುದು ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ. ಇದರ ಬೇರು ನಮ್ಮಲ್ಲೇ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ತೆರೆದ ರುಡ್‌ಸೆಟಿಯನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ಮಾಡಿಸಿತು. ಊಟ, ವಸತಿ ಉಚಿತ. ಬೈಕ್ ರಿಪೇರಿ, ಹೊಲಿಗೆ, ಹೈನುಗಾರಿಕೆ ಕಲಿಸಿ ಸರ್ಟಿಫಿಕೇಟು ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ; ಎರಡು ವರ್ಷ ಬೆನ್ನು ಹತ್ತಿ, ಬ್ಯಾಂಕ್ ಸಾಲಕ್ಕೂ ಜೊತೆಯಾಗಬೇಕೆಂಬುದು ಅದರ ಪದ್ಧತಿ.

“ಕೆಲಸ ಬಂದಾಗ ಪಂಚಾಯಿತಿಯವರೇ ಕರೀತಾರೆ”

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಇದು, ಮತ್ತು ಇದನ್ನು ನಂಬಿರುವವರು ಕೂಲಿಯವರೇ. ಕಾನೂನಿನಲ್ಲಿ ಕೆಲಸ ‘ಬರುವುದಿಲ್ಲ’, ಕೇಳಿದ್ದಕ್ಕೆ ಕೊಡಬೇಕಾಗುತ್ತದೆ. 2005ರ ಕಾಯ್ದೆಯ ಕೆಳಗೆ ನಮೂನೆ 6 ತುಂಬಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದೆ. ಕೆಲಸ ಐದು ಕಿಲೋಮೀಟರಿಗಿಂತ ದೂರವಾದರೆ ಶೇ 10 ಹೆಚ್ಚು ಕೂಲಿ. ಪಾವತಿ ತಡವಾದರೆ ದಿನಕ್ಕೆ ಶೇ 0.05 ಪರಿಹಾರ, ಆರು ದಿನದ 2,220 ರೂಪಾಯಿಗೆ ಅದು ದಿನಕ್ಕೆ 1 ರೂಪಾಯಿ 11 ಪೈಸೆ, ನಗುವಂಥ ಮೊತ್ತ. ಆದರೆ ಭತ್ಯೆ ನಗುವಂಥದ್ದಲ್ಲ. ಆ ಕಾಯ್ದೆಯಲ್ಲಿ ಕೂಲಿಯ ದುಡ್ಡು ಕೇಂದ್ರದ್ದಾಗಿತ್ತು, ಭತ್ಯೆ ಮಾತ್ರ ರಾಜ್ಯದ ಬೊಕ್ಕಸದ್ದು. ಹಾಗಾಗಿ ಕಚೇರಿಗಳಲ್ಲಿ ಅರ್ಜಿ ತಗೊಳ್ಳುತ್ತಾರೆ, ರಸೀದಿಗೆ ಕೈ ಬರುವುದಿಲ್ಲ. ‘ಆಮೇಲೆ ಎಂಟ್ರಿ ಮಾಡ್ತೀವಿ, ಹೋಗ್ರಮ್ಮ’ ಎಂದು ಕಳಿಸಿದರೆ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ, ಹದಿನೈದು ದಿನದ ಎಣಿಕೆ ಶುರುವೇ ಆಗುವುದಿಲ್ಲ.

ಹೊಸ ಕಾಯ್ದೆ ದಿನಗಳನ್ನು 125ಕ್ಕೆ ಏರಿಸಿದೆ, 15 ದಿನದ ನಿಯಮವನ್ನೂ ಉಳಿಸಿಕೊಂಡಿದೆ. ಆದರೆ ಹೆಚ್ಚಿನ ರಾಜ್ಯಗಳು ಇನ್ನು ಖರ್ಚಿನ ಶೇ 40 ತಾವೇ ಹೊರಬೇಕು, ಕೇಂದ್ರದ ಪಾಲಿಗೂ ಮೊದಲೇ ಮಿತಿ ಗೊತ್ತಾಗಿರುತ್ತದೆ. ಕೇಳಿದವರಿಗೆಲ್ಲ ಕೆಲಸ ಎಂಬುದಕ್ಕೂ ಇಷ್ಟೇ ದುಡ್ಡು ಎಂಬುದಕ್ಕೂ ತಿಕ್ಕಾಟ ಬಂದಾಗ ಅದು ಮೊದಲು ಕಾಣುವುದು ಪಂಚಾಯಿತಿಯ ಅದೇ ಕೌಂಟರಿನಲ್ಲಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಹತ್ತು ಮನೆಯವರು ಒಟ್ಟಿಗೆ ಹೋಗಿ ಅರ್ಜಿ ಕೊಡುವುದು ಮೇಲು. ರಸೀದಿಯಲ್ಲಿ ದಿನಾಂಕ ಇಲ್ಲದಿದ್ದರೆ ಅಲ್ಲೇ ವಾಪಸು ಕೊಟ್ಟು ಹಾಕಿಸಿಕೊಳ್ಳಬೇಕು, ಕಾರ್ಯದರ್ಶಿ ಊಟಕ್ಕೆ ಎದ್ದಿದ್ದರೂ.