ಬ್ರಿಸ್ಬೇನ್ ಇಂಟರ್‌ವ್ಯೂ 10 ಗಂಟೆಗೆ ಅಂದ್ರೆ ದುಬೈಯಲ್ಲಿ ಎಷ್ಟಕ್ಕೆ?

ಗಲ್ಫ್‌ನಲ್ಲಿದ್ದುಕೊಂಡೇ ಆಸ್ಟ್ರೇಲಿಯಾದ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಬ್ರಿಸ್ಬೇನ್‌ನಿಂದ ಮೇಲ್ ಬರುತ್ತದೆ ಅಂತ ಇಟ್ಟುಕೊಳ್ಳಿ: ‘ವಿಡಿಯೋ ಇಂಟರ್‌ವ್ಯೂ, ಸೋಮವಾರ ಬೆಳಿಗ್ಗೆ 10, ಇಎಸ್‌ಟಿ.’ ಈ ಮೂರಕ್ಷರವನ್ನು ನ್ಯೂಯಾರ್ಕ್ ಸಮಯ ಅಂತ ಹಿಡಿದರೆ ದುಬೈಯಲ್ಲಿ ಸೋಮವಾರ ಸಂಜೆ 7. ಆದರೆ ಬ್ರಿಸ್ಬೇನ್‌ನ 10 ಗಂಟೆ ಅಂದ್ರೆ ದುಬೈಯಲ್ಲಿ ಅದೇ ದಿನ ಬೆಳಗಿನ ಜಾವ 4. ಸಂಜೆ ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತರೆ 15 ಗಂಟೆ ತಡ. ಕೆಲಸ ಹೋದಂತೆಯೇ.

ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಪೂರ್ವ ಭಾಗ ಇದೆ, ಎರಡರದ್ದೂ ‘ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್’. ಸಾಲದ್ದಕ್ಕೆ ಆಸ್ಟ್ರೇಲಿಯಾದಲ್ಲಿ ‘ಸಮ್ಮರ್’ ಟೈಮಿಗೂ ಇದೇ ಎಸ್ ಬಳಸುತ್ತಿದ್ದರು. ಕಂಪ್ಯೂಟರ್‌ಗಳು ನಂಬಿಕೊಂಡಿರುವ ಕಾಲವಲಯ ಪಟ್ಟಿಯಲ್ಲೂ ಹಾಗೇ ಇತ್ತು. 2014ರಲ್ಲಿ ಮುಂದೆ ಒಂದು ‘ಎ’ ಸೇರಿಸಿದರು: ಬ್ರಿಸ್ಬೇನ್‌ಗೆ ಎಇಎಸ್‌ಟಿ, ಅಡಿಲೇಡ್‌ಗೆ ಎಸಿಎಸ್‌ಟಿ, ಪರ್ತ್‌ಗೆ ಎಡಬ್ಲ್ಯೂಎಸ್‌ಟಿ. ಪಟ್ಟಿ ಬದಲಾಯಿತು, ಬರೆಯುವವರ ಕೈ ಅಷ್ಟು ಬೇಗ ಬದಲಾಗುವುದಿಲ್ಲ.

ಅಡಿಲೇಡ್‌ನದ್ದು ಇನ್ನೂ ತಲೆನೋವು. ಬರೇ ಸಿಎಸ್‌ಟಿ ಅಂದರೆ ಷಿಕಾಗೋ ಆಗಬಹುದು, ಚೀನಾ ಆಗಬಹುದು. ಮೇಲಾಗಿ ಅಡಿಲೇಡ್‌ನದ್ದು ನಮ್ಮ ಭಾರತದ ಹಾಗೆ ಅರ್ಧ ಗಂಟೆಯ ಲೆಕ್ಕ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದೂ ಇಡುತ್ತಾರೆ. ಬ್ರಿಸ್ಬೇನ್ ಇರುವ ರಾಜ್ಯದವರು ಇದನ್ನು 1992ರ ಜನಮತದಲ್ಲಿ ಬೇಡ ಅಂದರು. ಪರ್ತ್ ಇರುವ ರಾಜ್ಯದವರಂತೂ 2009ರಲ್ಲಿ ನಾಲ್ಕನೇ ಸಲ ಬೇಡ ಅಂದರು!

ಹಾಗಾಗಿ ದುಬೈ, ಮಸ್ಕತ್‌ಗಿಂತ ಪರ್ತ್ ಯಾವಾಗಲೂ 4 ಗಂಟೆ, ಬ್ರಿಸ್ಬೇನ್ 6 ಗಂಟೆ ಮುಂದೆ. ಅಡಿಲೇಡ್ ಐದೂವರೆ, ಅಲ್ಲಿನ ಬೇಸಿಗೆಯಲ್ಲಿ ಆರೂವರೆ. ಕುವೈತ್, ದೋಹಾ, ರಿಯಾದ್, ಬಹ್ರೈನ್‌ನವರು ಇದಕ್ಕೆ ಇನ್ನೊಂದು ಗಂಟೆ ಕೂಡಿಸಬೇಕು. ಮೇಲ್‌ಗೆ ಉತ್ತರ ಬರೆಯುವಾಗ ಅಕ್ಷರಗಳ ಗೊಡವೆ ಬಿಟ್ಟು ‘ಬ್ರಿಸ್ಬೇನ್ ಬೆಳಿಗ್ಗೆ 10, ದುಬೈ ಬೆಳಿಗ್ಗೆ 4, ಸರಿ ತಾನೇ?’ ಅಂತ ಊರ ಹೆಸರು ಹಾಕಿ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ದುಬೈ, ಮಸ್ಕತ್ ಸಮಯಕ್ಕೆ ಜಿಎಸ್‌ಟಿ, ಅಂದ್ರೆ ಗಲ್ಫ್ ಸ್ಟ್ಯಾಂಡರ್ಡ್ ಟೈಮ್ ಅಂತಾರೆ. ಆದರೆ ಪರ್ತ್‌ನ ವೀಸಾ ಏಜೆಂಟ್ ಫೀಸಿನ ಪಕ್ಕ ‘ಪ್ಲಸ್ ಜಿಎಸ್‌ಟಿ’ ಅಂತ ಬರೆದರೆ ಅದು ನಮ್ಮೂರಿನ ಜಿಎಸ್‌ಟಿ ತರಹದ್ದೇ ತೆರಿಗೆ. ಅಲ್ಲಿ 2000ನೇ ಇಸವಿ ಜುಲೈ 1ರಿಂದ ಶೇ. 10 ಇದೆ, 2,000 ಡಾಲರ್ ಫೀಸು 2,200 ಆಗುತ್ತದೆ. ಆಸ್ಟ್ರೇಲಿಯಾದ ಹೊರಗಿರುವವರಿಗೆ ಕೊಡುವ ಸೇವೆಗೆ ಈ ತೆರಿಗೆ ಬೀಳದಿರುವುದೂ ಉಂಟು. ದುಡ್ಡು ಕಳಿಸುವ ಮೊದಲೇ ಆ 200 ಡಾಲರ್ ಯಾಕೆ ಅಂತ ಕೇಳಬೇಕು.