ಸವೆದ ಚಪ್ಪಲಿಯಲ್ಲೊಂದು ಉಚ್ಚಂಗಿ ಗುಡ್ಡ

ಹೊಯ್ಸಳ ವಿಷ್ಣುವರ್ಧನ 12ನೇ ಶತಮಾನದಲ್ಲಿ ಹೊರಡಿಸಿದ ಒಂದು ಬಗೆಯ ಚಿನ್ನದ ನಾಣ್ಯದ ಮೇಲೆ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರಹವಿದೆ. ಅವನು ಗೆದ್ದ ಆ ನೊಳಂಬವಾಡಿಯನ್ನು ಪಾಂಡ್ಯರು ಆಳುತ್ತಿದ್ದುದು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಿಂದ. ದೊರೆಯ ಗೆಲುವು ಒತ್ತಟ್ಟಿಗಿರಲಿ, ಇವತ್ತು ನಮಗೆ ಬೇಕಾದವನು ಆ ನಾಣ್ಯದ ಅಚ್ಚು ಕೊರೆದವನು. ಅಂಗುಲದಷ್ಟೂ ಇಲ್ಲದ ಜಾಗದಲ್ಲಿ ಅಕ್ಷರಗಳನ್ನೆಲ್ಲ ಹಿಂದುಮುಂದಾಗಿ ಕೊರೆದರೇನೇ ಅವು ಚಿನ್ನದ ಮೇಲೆ ನೆಟ್ಟಗೆ ಮೂಡುವುದು.

ಶಿಕ್ಷಕರ ದಿನಕ್ಕೋ ಯುಗಾದಿಗೋ ಅಚ್ಚೊತ್ತಿ ಶುಭಾಶಯ ಪತ್ರ ಮಾಡಲು ಕೂರುವ ಮಕ್ಕಳು ಎಡವುವುದೂ ಇದೇ ಜಾಗದಲ್ಲಿ. ಹೆಸರು ಕೊರೆದು ಒತ್ತಿದರೆ ಕನ್ನಡಿಯೊಳಗಿನ ಬರಹ ಬರುತ್ತದೆ. ‘ಠ’ದಂಥ ಒಂದೆರಡು ಅಕ್ಷರಗಳಷ್ಟೇ ಮಾನ ಉಳಿಸುತ್ತವೆ. ಉಪಾಯ ಸುಲಭ. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಗಾಢವಾಗಿ, ನೆಟ್ಟಗೇ ಬರೆಯಿರಿ. ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಬೆನ್ನಿನಿಂದ ಉಜ್ಜಿ. ಅಕ್ಷರ ತಾನೇ ತಿರುಗಿ ಕೂರುತ್ತದೆ.

ರಬ್ಬರೆಂದೆ, ಅಂಗಡಿಯ ದೊಡ್ಡ ಅಳಿಸುವ ರಬ್ಬರು ಸಣ್ಣ ಚಿತ್ರಕ್ಕೆ ಸಾಕು. ಅಂಗೈಯಗಲದ ಅಚ್ಚಿಗೆ ನನ್ನ ಓಟು ಸವೆದ ಹವಾಯಿ ಚಪ್ಪಲಿಗೆ. ಚೆನ್ನಾಗಿ ತೊಳೆದು, ಒರಟು ಕಲ್ಲಿನ ಮೇಲೆ ತಿಕ್ಕಿ ಮಟ್ಟ ಮಾಡಿಕೊಳ್ಳಬೇಕು. ಬಣ್ಣ ಬೇಕಾದ ಗೆರೆಯನ್ನು ಮುಟ್ಟದೆ ಅದರ ಅಕ್ಕಪಕ್ಕದ್ದನ್ನು ತೆಗೆಯುವುದೇ ಕೆಲಸ. ಬ್ಲೇಡನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿಯಿರಿ: ಗೆರೆಯ ಬುಡ ದಪ್ಪ ಉಳಿದರೆ ಒತ್ತುವಾಗ ಅದು ಬಾಗುವುದಿಲ್ಲ. ಹಿಂಬದಿಗೆ ಮರದ ತುಂಡು ಅಂಟಿಸಿದರೆ ಹಿಡಿಕೆಯಾಯಿತು.

ಏನು ಕೊರೆಯುವುದು? ಪೇಟೆಯ ಕಾರ್ಡುಗಳ ಬಲೂನು, ಗುಲಾಬಿ ಕಂಡು ಕಂಡು ಸಾಕಾಗಿದೆ. ಉಚ್ಚಂಗಿದುರ್ಗದ ಮಗುವಿಗೆ ಕಣ್ಣೆದುರೇ ಗುಡ್ಡವಿದೆ, ಕೋಟೆಯಿದೆ, ಭರತ ಹುಣ್ಣಿಮೆಗೆ ಜನ ಕಿಕ್ಕಿರಿಯುವ ಯಲ್ಲಮ್ಮನ ಗುಡಿಯಿದೆ. ಕೋಟೆಯ ಕಲ್ಲುಗಳನ್ನೆಲ್ಲ ಕೊರೆಯುವ ಆಸೆ ಬೇಡ. ಗುಡ್ಡದ ಏರುಗೆರೆ, ನಾಲ್ಕು ಮೆಟ್ಟಿಲು, ತುದಿಗೊಂದು ಗುಡಿ ಇದ್ದರೆ ಯಾರಾದರೂ ಗುರುತು ಹಿಡಿದಾರು. ಅಂಚಿಗೆ ಬೇಕೆಂದರೆ ಭೌಗೋಳಿಕ ಸೂಚಿಕೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿ. ಅಲ್ಲಿನ ಚೌಕ, ತ್ರಿಕೋನಗಳು ಬ್ಲೇಡಿಗೆ ಹೇಳಿ ಮಾಡಿಸಿದಂತಿವೆ. ಒಂದೇ ತ್ರಿಕೋನ ಕೊರೆದುಕೊಂಡು ಸಾಲಾಗಿ ಒತ್ತುತ್ತ ಹೋದರೆ ಕಾರ್ಡಿನ ನಾಲ್ಕೂ ಅಂಚು ಮುಗಿಯುತ್ತದೆ.

ತರಕಾರಿ ಬುಟ್ಟಿಯಲ್ಲಿ ಕೊರೆಯದೇ ಸಿಗುವ ಅಚ್ಚುಗಳೂ ಇವೆ. ಅಡ್ಡ ಕತ್ತರಿಸಿದ ಬೆಂಡೆ ಐದೆಸಳಿನ ಹೂವು, ಹಾಗಲಕ್ಕೆ ಕಿರುಗಚ್ಚಿನ ಅಂಚು. ಆಲೂಗಡ್ಡೆಯನ್ನು ಕೊರೆಯುವುದು ಬಲು ಸುಲಭ, ಆದರೆ ಅದರ ನೀರು ಬಣ್ಣವನ್ನು ತೆಳುವಾಗಿಸುತ್ತದೆ. ಕತ್ತರಿಸಿದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಆರಲು ಬಿಡಿ. ಮರುದಿನಕ್ಕೆ ಅದು ಸುಕ್ಕಾಗುತ್ತದೆ, ಇಡಬೇಡಿ.

ತಟ್ಟೆಯಲ್ಲಿ ಸ್ಪಂಜಿನ ತುಂಡಿಟ್ಟು ದೋಸೆಹಿಟ್ಟಿನ ಹದದ ಪೋಸ್ಟರ್ ಬಣ್ಣ ಸವರಿದರೆ ಸ್ಟಾಂಪ್ ಪ್ಯಾಡು ತಯಾರು. ಅರಿಸಿನದಿಂದಲೂ ಒತ್ತಬಹುದು. ಅದಕ್ಕೆ ಚೂರು ಸುಣ್ಣದ ನೀರು ಮುಟ್ಟಿಸಿದರೆ ಆರತಿ ನೀರಿನ ಕೆಂಪು! ಬಿಸಿಲಿಗಿಟ್ಟರೆ ಮಾತ್ರ ಅರಿಸಿನ ಬೇಗ ಮಾಸುತ್ತದೆ. ನುಣುಪು ಕಾಗದ ಬಣ್ಣ ಹೀರದೆ ಅಚ್ಚು ಜಾರುತ್ತದೆ. ಹಳೆಯ ಲಗ್ನಪತ್ರಿಕೆಗಳ ಒರಟಾದ ಖಾಲಿ ಬೆನ್ನು ಇದಕ್ಕೆ ಒಗ್ಗುತ್ತದೆ. ಕಾಗದದ ಕೆಳಗೆ ಮಡಿಸಿದ ದಿನಪತ್ರಿಕೆ ಹಾಸಿಕೊಂಡರೆ ಚಿತ್ರ ಪೂರ್ತಿ ಮೂಡುತ್ತದೆ.

ತೀರ ಚಿಕ್ಕವರ ಕೈಗೆ ಬ್ಲೇಡು ಬೇಡ. ಅವರಿಗೊಂದು ಥರ್ಮಾಕೋಲ್ ಚೂರು, ರೀಫಿಲ್ ಮುಗಿದ ಬಾಲ್‌ಪೆನ್ನು ಕೊಡಿ. ಒತ್ತಿ ಬರೆದ ಗೆರೆಗಳು ತಗ್ಗಾಗಿ, ಬಣ್ಣದ ನಡುವೆ ಬಿಳಿಯಾಗಿ ಉಳಿಯುತ್ತವೆ.