ನಿನಗೆ ಏನೇನು ಬರುತ್ತೆ?



ನಮ್ಮ ಕೂಟದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಎರಡು ವರ್ಷದಿಂದ ಬೆನ್ನು ಹತ್ತಿದ್ದಾರೆ. "ನಿಮ್ಮ ಸೈಕಾಲಜಿ ಬಗ್ಗೆನೇ ಬರೀರಿ, ಎಲ್ಲರಿಗೂ ಕುತೂಹಲ" ಅಂದರು. ಆ ಕುತೂಹಲ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. "ಹಾಗಾದ್ರೆ ನಾನು ಈಗ ಏನು ಯೋಚನೆ ಮಾಡ್ತಿದೀನಿ ಹೇಳಿ ನೋಡೋಣ!" ಎಂದು ಪ್ರತಿ ಪಾಟ್‌ಲಕ್‌ನಲ್ಲೂ ಒಬ್ಬರಾದರೂ ಕೇಳುತ್ತಾರೆ. "ಊಟ ಯಾವಾಗ ಅಂತ" ಎನ್ನುವುದು ನನ್ನ ಉತ್ತರ. ಬಹುಪಾಲು ಸರಿಯಾಗಿಯೇ ಇರುತ್ತದೆ.

ಇವತ್ತು ಬರೆಯಹೊರಟಿರುವುದು ಒಂದು ಫಾರ್ಮಿನ ಬಗ್ಗೆ. ಆ ಫಾರ್ಮಿನಿಂದಾಗಿ ಒಬ್ಬ ಹಿರಿಯ ಗೆಳತಿ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಇರಲಿ.

ನಾನು ಓದಿದ್ದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿನ ಮನಃಶಾಸ್ತ್ರ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ಆರಂಭಿಸಿದವರು. (ಈ ಸಂಗತಿ ಹೇಳುವ ಅವಕಾಶ ಸಿಕ್ಕರೆ ಮೈಸೂರಿನವರು ಬಿಡುವುದಿಲ್ಲ, ಕ್ಷಮಿಸಿ.) ಮದುವೆಯಾಗಿ ಕೆನಡಾಕ್ಕೆ ಬಂದು, ಇಲ್ಲಿ ಪಿಎಚ್.ಡಿ. ಮಾಡಿ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸುವ ಹೊತ್ತಿಗೆ 2014 ಬಂದಿತ್ತು. ಇನ್ನೇನು, ಬೋರ್ಡು ಹಾಕಿಕೊಳ್ಳುವುದೊಂದೇ ಬಾಕಿ ಅಂದುಕೊಂಡಿದ್ದೆ.

ಅದು ಅಷ್ಟು ಸುಲಭವಿರಲಿಲ್ಲ. ಒಂಟಾರಿಯೋದಲ್ಲಿ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಬೇಕಾದರೆ 'ಕಾಲೇಜ್' ಒಪ್ಪಬೇಕು. ಈ ಕಾಲೇಜಿನಲ್ಲಿ ಪಾಠ ಹೇಳುವುದಿಲ್ಲ. ಜನರ ಹಿತ ಕಾಯಲು ವೃತ್ತಿಯವರ ಮೇಲೆ ಕಣ್ಣಿಡುವ ಸಂಸ್ಥೆ ಅದು. 2024ರ ಜುಲೈಯಲ್ಲಿ ಬಿಹೇವಿಯರ್ ಅನಲಿಸ್ಟರನ್ನೂ ಸೇರಿಸಿಕೊಂಡು ಅದರ ಹೆಸರು ಇನ್ನಷ್ಟು ಉದ್ದವಾಗಿದೆ. "ನನ್ನ ಸೊಸೆ ಇನ್ನೂ ಕಾಲೇಜಿನವರ ಹತ್ತಿರವೇ ಓಡಾಡ್ತಿದಾಳೆ" ಎಂದು ನಮ್ಮ ಅತ್ತೆ ಊರಿನಲ್ಲಿ ಹೇಳಿದ್ದನ್ನು ಕೇಳಿ, ನಾನು ಮತ್ತೆ ಫೇಲಾದೆ ಎಂದೇ ನೆಂಟರೆಲ್ಲ ತಿಳಿದಿದ್ದರು.

ಆ ಕಾಲೇಜು ಮೊದಲು ಕೊಟ್ಟದ್ದು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಸರ್ಟಿಫಿಕೇಟು. ಹೆಸರಿನ ಮುಂದೆ 'ಸೂಪರ್‌ವೈಸ್ಡ್ ಪ್ರಾಕ್ಟಿಸ್' ಎಂಬ ಬಾಲ. ಒಬ್ಬ ಮುಖ್ಯ ಸೂಪರ್‌ವೈಸರ್, ಜೊತೆಗೆ ಇನ್ನೊಬ್ಬರು. ನಾನು ಬರೆದ ಪ್ರತಿ ವರದಿಗೂ ಅವರ ಸಹಿ ಬೀಳಬೇಕು. ಡ್ರೈವಿಂಗ್ ಕಲಿಯುವವರ ಪಕ್ಕದಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂರುತ್ತಾರಲ್ಲ, ಹಾಗೆ. ಇದರ ನಡುವೆ ಅಮೆರಿಕ, ಕೆನಡಾಗಳ ಬಹುಪಾಲು ಕಡೆ ಸಾಮಾನ್ಯವಾದ ಒಂದು ದೊಡ್ಡ ಪರೀಕ್ಷೆ, 225 ಪ್ರಶ್ನೆ, ನಾಲ್ಕೂಕಾಲು ಗಂಟೆ. ಇಲ್ಲಿನ ಕಾನೂನು ಮತ್ತು ನೀತಿಯ ಮೇಲೆ ಇನ್ನೊಂದು. ಕೊನೆಗೆ ಮೌಖಿಕ. ನಾವು ಕನ್ನಡದವರು, ಪರೀಕ್ಷೆಗೆ ಹೆದರುವವರಲ್ಲ. ಟ್ಯೂಷನ್ನು, ಗೈಡು, ರಾತ್ರಿ ನಿದ್ದೆಗೆಡುವುದು ಎಲ್ಲ ರಕ್ತದಲ್ಲೇ ಇದೆ.

ನನ್ನನ್ನು ಹೆದರಿಸಿದ್ದು ಮಾತ್ರ ಆ ಫಾರ್ಮು. ಅದರಲ್ಲಿ, ನಾನು ಯಾವ ಕ್ಷೇತ್ರದಲ್ಲಿ ಮತ್ತು ಯಾವ ವಯಸ್ಸಿನ, ಯಾವ ಬಗೆಯ ಜನರೊಂದಿಗೆ ಕೆಲಸ ಮಾಡಲು ಸಮರ್ಥಳು ಎಂದು ನಾನೇ ಘೋಷಿಸಬೇಕಿತ್ತು. ಕ್ಲಿನಿಕಲ್, ಕೌನ್ಸೆಲಿಂಗ್, ಶಾಲೆ, ನ್ಯೂರೋಸೈಕಾಲಜಿ, ನ್ಯಾಯಾಲಯ-ಜೈಲಿನ ಕೆಲಸ, ಆರೋಗ್ಯ, ಪುನರ್ವಸತಿ, ಕೈಗಾರಿಕೆ ಎಂದು ಎಂಟು ಕ್ಷೇತ್ರ. ಮಕ್ಕಳು, ಹದಿಹರೆಯದವರು, ವಯಸ್ಕರು, ಹಿರಿಯರು, ದಂಪತಿ, ಕುಟುಂಬ, ಸಂಸ್ಥೆ ಎಂದು ಗುಂಪುಗಳು. ಘೋಷಿಸಿದ್ದನ್ನು ಸೂಪರ್‌ವೈಸರ್ ಒಪ್ಪಬೇಕು, ಮೌಖಿಕದಲ್ಲಿ ಅದರ ಮೇಲೆಯೇ ಪ್ರಶ್ನೆ ಬರುತ್ತದೆ. ಇದು ನನ್ನ ಕಾಲದ ಕ್ರಮ. ನಿಯಮಗಳು ಬದಲಾಗುತ್ತಿರುತ್ತವೆ, ಈ ದಾರಿ ಹಿಡಿದಿರುವ ನಮ್ಮ ಮಕ್ಕಳು ನನ್ನ ಮಾತು ನಂಬದೆ ಕಾಲೇಜನ್ನೇ ಕೇಳಿಕೊಳ್ಳಲಿ.

"ನಿನಗೆ ಏನೇನು ಬರುತ್ತೆ?" ಎಂದರೆ ನಮ್ಮಲ್ಲಿ ಉತ್ತರ ಎರಡೇ. ಮನೆಯಲ್ಲಾದರೆ "ಏನೂ ಬರಲ್ಲ", ಇಂಟರ್ವ್ಯೂನಲ್ಲಾದರೆ "ಎಲ್ಲಾ ಬರುತ್ತೆ". ನಾನು ಎರಡನೆಯದನ್ನು ಆರಿಸಿಕೊಂಡೆ. ಕರಡಿನಲ್ಲಿ ವಯಸ್ಕರು, ಹದಿಹರೆಯದವರು, ದಂಪತಿ, ಹಿರಿಯರು ಎಂದು ಟಿಕ್ ಮೇಲೆ ಟಿಕ್ ಹಾಕಿದೆ. ಹಿರಿಯರು ಎಂಬಲ್ಲಿ ಟಿಕ್ ಹಾಕುವಾಗ ನನ್ನ ಮನಸ್ಸಿನಲ್ಲಿ ಇದ್ದವರು ಮಗ-ಸೊಸೆಯ ಮನೆಯಲ್ಲಿ ಕಿಟಕಿಯಾಚೆಯ ಹಿಮ ನೋಡುತ್ತ ಕೂರುವ ನಮ್ಮ ಅಜ್ಜ ಅಜ್ಜಿಯರು. ಅವರ ಜೊತೆ ಕನ್ನಡದಲ್ಲಿ ಮಾತಾಡಬಲ್ಲ ಸೈಕಾಲಜಿಸ್ಟ್ ನನಗೆ ತಿಳಿದಂತೆ ಸುತ್ತಮುತ್ತ ಯಾರೂ ಇರಲಿಲ್ಲ.

ನನ್ನ ಸೂಪರ್‌ವೈಸರ್ ಕಡಿಮೆ ಮಾತಿನ ಹಿರಿಯ ಹೆಂಗಸು. ಪ್ರತಿ ಟಿಕ್ ಪಕ್ಕದಲ್ಲೂ ಪೆನ್ಸಿಲ್ ಇಟ್ಟು ಕೇಳಿದರು: ಎಂಥ ಕೇಸು ನೋಡಿದ್ದೀಯ, ಎಷ್ಟು, ಯಾರ ಕೈಕೆಳಗೆ? ಹಿರಿಯರ ಹತ್ತಿರ ಬಂದಾಗ ನನ್ನ ಲೆಕ್ಕ ಮೂರಕ್ಕೆ ನಿಂತಿತು. ನಾನು ಕನ್ನಡದ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿ ಅಂದರು, "ಅವರ ಭಾಷೆ ನಿನಗೆ ಬರುತ್ತದೆ, ಸರಿ. ಅವರ ಕಾಯಿಲೆ ಬರುತ್ತದೆಯೇ?"

ಟಿಕ್ ಅಳಿಸಿದೆ. ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ.

ಅಕ್ಕ ನನ್ನನ್ನು ಕೇಳಿದ್ದು ಅದಾದ ಕೆಲವೇ ದಿನಕ್ಕೆ, ಸೆಪ್ಟೆಂಬರ್‌ನ ಗಣೇಶನ ಹಬ್ಬದ ಪಾಟ್‌ಲಕ್‌ನಲ್ಲಿ. ಬಿಸಿಬೇಳೆಬಾತಿನ ಸಾಲಿನಿಂದ ನನ್ನನ್ನು ಪಕ್ಕಕ್ಕೆ ಎಳೆದರು. ಅವರ ಅತ್ತೆ ಹಾಸನದ ಕಡೆಯವರು, ಯಜಮಾನರು ತೀರಿಕೊಂಡ ಮೇಲೆ ಇಲ್ಲಿಗೆ ಬಂದು ವರ್ಷವಾಗಿತ್ತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಒಲೆ ಆರಿಸುವುದಿಲ್ಲ, ಇಡೀ ದಿನ ಸುಮ್ಮನೆ ಕೂರುತ್ತಾರೆ. "ನೀನೇ ಒಂದ್ಸಲ ಮನೆಗೆ ಬಂದು ನೋಡ್ಬಿಡೆ. ಕನ್ನಡದಲ್ಲಿ ಮಾತಾಡಿಸಿ, ಏನು ಅಂತ ಬರ್ಕೊಡು."

ನನ್ನ ಅಧಿಕಾರದಲ್ಲಿ ಇಲ್ಲ, ಪರಿಚಯದವರನ್ನು ಪರೀಕ್ಷಿಸುವುದೂ ಸರಿಯಲ್ಲ, ಫ್ಯಾಮಿಲಿ ಡಾಕ್ಟರ್ ಮೂಲಕ ಮೆಮೊರಿ ಕ್ಲಿನಿಕ್‌ಗೆ ಹೋಗಿ ಎಂದೆ. ಕಾನೂನಿನಲ್ಲಿ ಕಾಯಿಲೆ ಇಂಥದ್ದು ಎಂದು ಹೇಳುವುದೇ ಒಂದು ನಿಯಂತ್ರಿತ ಕೆಲಸ, ಕಂಡವರೆಲ್ಲ ಮಾಡುವಂತಿಲ್ಲ ಎಂದೂ ವಿವರಿಸಿದೆ. ಅಕ್ಕನ ಮುಖ ಇಳಿಯಿತು. "ನಮ್ಮೋಳು ಅಂತ ಕೇಳಿದ್ರೆ ನೀನು ನನಗೇ ರೂಲ್ಸು ಹೇಳ್ತೀಯಲ್ಲೇ" ಎಂದು ತಟ್ಟೆ ಹಿಡಿದು ಹೊರಟರು. ನಾನು ಇಲ್ಲಿಗೆ ಹೊಸದಾಗಿ ಬಂದಾಗ ನನ್ನ ಬಾಣಂತನಕ್ಕೆ ಊರಿಂದ ಯಾರೂ ಬರಲಾಗದೆ, ಹದಿನೈದು ದಿನ ಊಟ ಕಳಿಸಿದ ಕೈ ಅದು.

ಇನ್ನೊಂದು ಗುಟ್ಟು. ಬಾಯಲ್ಲಿ ಆಗುವುದಿಲ್ಲ ಎಂದರೂ ಮನಸ್ಸಿನಲ್ಲಿ ನಾನು ಆಗಲೇ ತೀರ್ಪು ಕೊಟ್ಟಾಗಿತ್ತು. ಗಂಡ ಹೋದ ದುಃಖ, ಪರದೇಶ, ಒಂಟಿತನ, ಇದು ಡಿಪ್ರೆಷನ್ ಅಷ್ಟೇ. ಅಜ್ಜಿಯ ಜೊತೆ ನಾಲ್ಕು ದಿನ ಕನ್ನಡದಲ್ಲಿ ಮಾತಾಡಿದರೆ ಸರಿಹೋಗುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ನವೆಂಬರಿನಲ್ಲಿ ಅಕ್ಕನ ಫೋನ್ ಬಂತು, ಬೆಂಕಿಯಂಥ ಫೋನ್. ಕ್ಲಿನಿಕ್‌ನಲ್ಲಿ ಹಿಂದಿ ದುಭಾಷಿಯನ್ನು ಕೂರಿಸಿದ್ದರಂತೆ. ಭಾರತದವರೆಂದರೆ ಹಿಂದಿ ಬರುತ್ತದೆ ಎಂದು ಲೆಕ್ಕ. ಅಜ್ಜಿಯ ಹಿಂದಿ ರಾಮಾಯಣ ಸೀರಿಯಲ್‌ನಾಚೆ ಹೋಗದು. ಇವತ್ತು ಯಾವ ತಿಂಗಳು, ಯಾವ ವಾರ ಎಂದು ಕೇಳಿದ್ದಕ್ಕೆ ಅಜ್ಜಿ "ಕಾರ್ತಿಕ ಸೋಮವಾರ, ಒಪ್ಪತ್ತು" ಎಂದಿದ್ದಾರೆ. ಅದು ಎಲ್ಲಿ ಯಾವ ರೂಪ ತಾಳಿತೋ, ಕಾಗದದಲ್ಲಿ ತಪ್ಪು ಎಂದು ಬಿತ್ತು. "ನೀನು ಬಂದಿದ್ರೆ ಹೀಗಾಗ್ತಿತ್ತೇನೆ?"

ಆಗುತ್ತಿರಲಿಲ್ಲ. ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ. ಪರೀಕ್ಷೆ ಯಾವ ನೆಲದಲ್ಲಿ ಹುಟ್ಟಿದೆಯೋ ಆ ನೆಲದ ಭಾಷೆ, ಲೆಕ್ಕ ಅದರೊಳಗೇ ಇರುತ್ತವೆ. ನಮ್ಮಲ್ಲಿ ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಇದನ್ನು ಅರಿತು, ಬುದ್ಧಿಶಕ್ತಿಯ ಬಿನೆ ಪರೀಕ್ಷೆಯನ್ನು ಮುಂಬಯಿ-ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆಂದು ಹೊಂದಿಸಿದ್ದರು. ಬಿನೆ-ಕಾಮತ್ ಎಂದು ಅದರ ಹೆಸರು ಉಳಿದಿದೆ. ಅಷ್ಟು ಹಿಂದೆಯೇ ಗೊತ್ತಿದ್ದ ಸಂಗತಿ ಟೊರಾಂಟೋ ಪಕ್ಕದ ಒಂದು ಕೋಣೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೆಸರು ಹೇಳದೆ ಸೂಪರ್‌ವೈಸರ್‌ಗೆ ವಿಷಯ ತಿಳಿಸಿದೆ. "ಪರೀಕ್ಷೆ ಮಾಡುವುದು ಬಿಟ್ಟು ನೀನು ಏನು ಮಾಡಬಹುದು?" ಎಂದು ಕೇಳಿದರು. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿ ಬರೆದುಕೊಳ್ಳಿ ಎಂದೆ. ಫೋನಿನಲ್ಲಾದರೂ ಸರಿ, ತರಬೇತಿ ಪಡೆದ ಕನ್ನಡ ದುಭಾಷಿ ಬೇಕೆಂದು ಲಿಖಿತವಾಗಿ ಕೇಳಿ. ಮಗನನ್ನೋ ಮೊಮ್ಮಗಳನ್ನೋ ದುಭಾಷಿ ಮಾಡಬೇಡಿ, ಅವರು ಪ್ರೀತಿಗೆ ಉತ್ತರ ತಿದ್ದಿಬಿಡುತ್ತಾರೆ. ಅಜ್ಜಿ ಎಷ್ಟನೇ ತರಗತಿವರೆಗೆ ಓದಿದವರು, ಕಿವಿ ಹೇಗೆ ಕೇಳುತ್ತದೆ ಎಂಬುದನ್ನು ಮೊದಲೇ ಹೇಳಿ. ಅಂದು ಕಾರ್ತಿಕ ಮಾಸ ಹೌದು, ಸೋಮವಾರವೂ ಹೌದು ಎಂದು ಡಾಕ್ಟರಿಗೆ ತಿಳಿಸಿ.

ಎರಡನೇ ಸಲ ಕನ್ನಡದಲ್ಲಿ ನಡೆಯಿತು. ಅಜ್ಜಿಗೆ ಮೊದಲಿಗಿಂತ ಹೆಚ್ಚು ಅಂಕ ಬಂತು, ಆದರೂ ನೆನಪಿನಲ್ಲಿ ನಿಜವಾದ ಕುಸಿತ ಇತ್ತು. ರಕ್ತ ಪರೀಕ್ಷೆಯಲ್ಲಿ ಬಿ-12 ತಳ ಕಂಡಿತ್ತು. ಜೀವನವಿಡೀ ಸಸ್ಯಾಹಾರ, ಮೇಲೆ ಇಳಿವಯಸ್ಸು. ಇಂಜೆಕ್ಷನ್ ಶುರುವಾದ ಮೇಲೆ ಮೈಗೆ ಸ್ವಲ್ಪ ಚೈತನ್ಯ ಬಂತು, ಮರೆವು ಪೂರ್ತಿ ಹೋಗಲಿಲ್ಲ. ನಾನು ಹೋಗಿದ್ದರೆ ಅಚ್ಚಗನ್ನಡದಲ್ಲಿ, ಬಹಳ ಪ್ರೀತಿಯಿಂದ, ದುಃಖದ ಬಗ್ಗೆ ಮಾತಾಡಿ ಬರುತ್ತಿದ್ದೆ. ಆ ರಕ್ತ ಪರೀಕ್ಷೆಯ ಯೋಚನೆ ನನಗೆ ಬಂದಿರಲೇ ಇಲ್ಲ.

2015ರಲ್ಲಿ ನನ್ನ ಅಂತಿಮ ಘೋಷಣೆಯಲ್ಲಿ ಇದ್ದದ್ದು ಇಷ್ಟೇ: ಕ್ಲಿನಿಕಲ್ ಸೈಕಾಲಜಿ, ವಯಸ್ಕರು. ಮೌಖಿಕದಲ್ಲಿ "ಇದಕ್ಕೆ ಹೊರಗಿನ ಕೇಸು, ನಿಮ್ಮದೇ ಸಮುದಾಯದಿಂದ ಬಂದರೆ?" ಎಂಬರ್ಥದ ಪ್ರಶ್ನೆಯೊಂದು ಬಂದಾಗ ನನಗೆ ನಗು ತಡೆಯುವುದೇ ಕಷ್ಟವಾಯಿತು. ಹಿರಿಯರ ಗುಂಪನ್ನು ಸೇರಿಸಿಕೊಳ್ಳಲು ಆಮೇಲೆ ಮತ್ತೊಬ್ಬರ ಕೈಕೆಳಗೆ ಎರಡು ವರ್ಷ ಕಲಿತೆ. ನಲವತ್ತು ದಾಟಿದ ಮೇಲೆ ಪುನಃ ವರದಿಗೆ ಇನ್ನೊಬ್ಬರ ಸಹಿ!

ಅಕ್ಕ ಸಂಕ್ರಾಂತಿಗೆ ಎಳ್ಳು ಬೀರಲು ಬಂದರು, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಈಗ ಯಾರನ್ನಾದರೂ ನನ್ನ ಹತ್ತಿರ ಕಳಿಸುವ ಮುಂಚೆ "ಇದು ನಿನ್ನ ಲಿಸ್ಟಲ್ಲಿ ಇದೆಯೇನೆ?" ಎಂದು ಫೋನ್ ಮಾಡುತ್ತಾರೆ. ಸ್ವಲ್ಪ ಕೊಂಕು ಇನ್ನೂ ಇದೆ ಅನ್ನಿ.

ಮೌಖಿಕ ಮುಗಿಸಿದ ವಾರ ಅವರ ಮನೆಗೆ ಹೋಗಿದ್ದೆ. ಅಜ್ಜಿ ಕೈ ಹಿಡಿದು ಪಕ್ಕ ಕೂರಿಸಿಕೊಂಡು, "ನಿನ್ನ ಪರೀಕ್ಷೆ ಪಾಸಾಯ್ತೇನವ್ವಾ?" ಎಂದರು. ಆಯ್ತು ಅಜ್ಜಿ ಎಂದೆ. ತುಂಬಾ ಸಂತೋಷಪಟ್ಟರು, ಸಕ್ಕರೆ ತರಿಸಿ ಬಾಯಿಗೆ ಹಾಕಿದರು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಕೈ ಹಿಡಿದುಕೊಂಡರು. "ನಿನ್ನ ಪರೀಕ್ಷೆ ಏನಾಯ್ತವ್ವಾ?"

ಪಾಸಾಯ್ತು ಅಜ್ಜಿ, ಎಂದೆ. ಮತ್ತೆ ಸಕ್ಕರೆ ಬಂತು.